ಡೆಡ್‌ಲಿಫ್ಟ್‌ಗೆ ಮೆತ್ತನೆ ಶೂ ಮಾರುವವರಿದ್ದಾರೆ, ಹುಷಾರು

ಜಿಮ್‌ಗೆ ಹೊಸದಾಗಿ ಸೇರಿ ಡೆಡ್‌ಲಿಫ್ಟ್ ಶುರು ಮಾಡಿದ್ದೀರಾ, ಅದೇ, ನೆಲದ ಮೇಲಿನ ಭಾರದ ಬಾರನ್ನು ಹಿಡಿದು ನೆಟ್ಟಗೆ ನಿಲ್ಲೋದು? ಒಳ್ಳೇ ಶೂ ಒಂದು ತಗೊಳ್ಳೋಣ ಅಂತ ಹೊರಟಿದ್ದೀರಾ? ದುಡ್ಡು ಕೊಡುವ ಮುಂಚೆ ಇದನ್ನು ಓದಿಬಿಡಿ. ಒಂದು ದುಬಾರಿ ಶೂ, ಒಬ್ಬ ಅವಸರದ ಟ್ರೈನರ್, ಎರಡೂ ಸೇರಿ ನನ್ನ ಸೊಂಟಕ್ಕೆ ಏನು ಗತಿ ತಂದವು ಅಂತ ಹೇಳುತ್ತೇನೆ.

ಮೈಸೂರಿನ ಒಂದು ದೊಡ್ಡ ಸ್ಪೋರ್ಟ್ಸ್ ಅಂಗಡಿ. ಹೆಸರು ಬೇಡ ಬಿಡಿ. ನಾನು ಬಾಯಿಬಿಟ್ಟು ಕೇಳಿದ್ದೆ: ಓಡೋಕಲ್ಲ, ಭಾರ ಎತ್ತೋಕೆ ಬೇಕು. ಸೇಲ್ಸ್ ಹುಡುಗ ತಂದು ಇಟ್ಟಿದ್ದು ದಪ್ಪ ಸೋಲ್‌ನ ರನ್ನಿಂಗ್ ಶೂ. "ಜಿಮ್‌ಗೆ ಇದೇ ಬೆಸ್ಟ್ ಸರ್. ಕುಶನ್ ನೋಡಿ, ಮೊಣಕಾಲಿಗೆ ಏನೂ ಆಗಲ್ಲ." ಹಾಕಿಕೊಂಡು ಎರಡು ಹೆಜ್ಜೆ ನಡೆದರೆ ಎಂಥವರಿಗೂ ಹಿತ ಅನಿಸುತ್ತದೆ. ಯಾಮಾರಿಸೋದೇ ಅಲ್ಲಿ. ಕುಶನ್ ಇರೋದು ಓಡುವಾಗ ಕಾಲು ನೆಲಕ್ಕೆ ಬಡಿಯುವ ಪೆಟ್ಟು ತಡೆಯೋಕೆ. ಡೆಡ್‌ಲಿಫ್ಟ್‌ನಲ್ಲಿ ಪೆಟ್ಟು ಎಲ್ಲಿಂದ ಬರಬೇಕು? ನಿಂತಲ್ಲೇ ನಿಂತು ನೆಲವನ್ನು ಒತ್ತಬೇಕು, ಅಷ್ಟೇ. ಹಾಸಿಗೆ ಮೇಲೆ ನಿಂತು ತುಂಬಿದ ಗ್ಯಾಸ್ ಸಿಲಿಂಡರ್ ಎತ್ತಿ ಅಂದರೆ ಎತ್ತುತ್ತೀರಾ?

ಇನ್ನು ಜಿಮ್. ಅಲ್ಲಿ ಶೂ ಇಲ್ಲದೆ ಒಳಗೆ ಬಿಡಲ್ಲ. ಹಾಕಿರುವ ಶೂ ಎಂಥದ್ದು ಅಂತ ಮಾತ್ರ ಯಾರೂ ನೋಡಲ್ಲ. ಅವತ್ತು ದೊಡ್ಡ ಪ್ಲೇಟ್‌ಗಳೆಲ್ಲ ಲೆಗ್ ಪ್ರೆಸ್ ಮೆಷಿನ್ ಮೇಲಿದ್ದವು. ಟ್ರೈನರ್ ಬಾರ್‌ಗೆ ಹತ್ತು ಕೆಜಿಯ ಸಣ್ಣ ಕಬ್ಬಿಣದ ಪ್ಲೇಟ್‌ಗಳನ್ನೇ ಒಂದೊಂದು ಕಡೆ ನಾಲ್ಕು ತುಂಬಿದರು. ಬಾರ್‌ದು 20, ಪ್ಲೇಟ್‌ಗಳದ್ದು 80, ಒಟ್ಟು 100 ಕೆಜಿ. "ಸೊಂಟ ಯಾಕೋ ಬಾಗ್ತಾ ಇದೆ ಸರ್" ಅಂದೆ. "ಏನೂ ಆಗಲ್ಲ ಎಳೀರಿ, ಬೆಲ್ಟ್ ಇದೆಯಲ್ಲ" ಅಂದರು. ಎಳೆದೆ. ಬಾರ್ ಮೊಣಕಾಲು ದಾಟುವಷ್ಟರಲ್ಲಿ ಸೊಂಟದ ಎಡಗಡೆ ಚಳಕ್ ಅಂತು. ಆಟೋದಲ್ಲಿ ಮನೆಗೆ ಬರುವಾಗ ಒಂದೊಂದು ಹಂಪ್‌ಗೂ ಜೀವ ಬಾಯಿಗೆ ಬರುತ್ತಿತ್ತು.

ಪಕ್ಕದಲ್ಲಿದ್ದ ಹುಡುಗ ರೀಲ್ಸ್‌ಗೆ ಅಂತ ವಿಡಿಯೋ ಮಾಡಿದ್ದ. ಆಮೇಲೆ ಅದನ್ನು ನಿಧಾನವಾಗಿ ಓಡಿಸಿ ನೋಡಿದಾಗ ಎಲ್ಲ ಬಯಲಾಯಿತು. ಬಾರ್ ನೆಲ ಬಿಡುವ ಮೊದಲೇ ಶೂ ಸೋಲ್‌ನ ಹೊರ ಅಂಚು ಚಪ್ಪಟೆಯಾಗಿ, ಪಾದ ಒಂದು ಕಡೆ ವಾಲುತ್ತದೆ. ಮೈಭಾರ ಬೆರಳಿನ ಕಡೆ ಜಾರುತ್ತದೆ. ಬಾರ್ ಕಾಲಿನಿಂದ ದೂರ ಸರಿಯುತ್ತದೆ. ಅಲ್ಲಿಗೆ ಕಾಲಿನ ಕೆಲಸವೆಲ್ಲ ಸೊಂಟದ ತಲೆ ಮೇಲೆ. ಬಾರ್ ದೂರವಾದಷ್ಟೂ ಅದೇ 100 ಕೆಜಿ ಸೊಂಟಕ್ಕೆ ಜಾಸ್ತಿ ಆಗುತ್ತದೆ.

ಪ್ಲೇಟ್ ವಿಷಯ ಯಾರೂ ಹೇಳಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಸ್ಪರ್ಧೆಗಳಲ್ಲಿ ಬಳಸುವ ದೊಡ್ಡ ಪ್ಲೇಟ್ 45 ಸೆಂ.ಮೀ. ಅಗಲ ಇರುತ್ತದೆ. ಹಾಗಾಗಿ ಬಾರ್ ನೆಲದಿಂದ 22.5 ಸೆಂ.ಮೀ. ಎತ್ತರದಲ್ಲಿರುತ್ತದೆ. 30 ಸೆಂ.ಮೀ. ಪ್ಲೇಟ್ ಹಾಕಿದರೆ ಬಾರ್ 15ಕ್ಕೆ ಇಳಿಯುತ್ತದೆ. ಈ ಕಡೆ ನೀವು 3 ಸೆಂ.ಮೀ. ಸೋಲ್ ಮೇಲೆ ನಿಂತಿದ್ದೀರಿ. ಬಾರ್ ಕೆಳಗೆ, ನೀವು ಮೇಲೆ. ಬೆನ್ನು ಬಾಗದೆ ಇನ್ನೇನಾಗುತ್ತದೆ? ದೊಡ್ಡ ಪ್ಲೇಟ್ ಖಾಲಿ ಇಲ್ಲ ಅಂದರೆ ಬಾರ್‌ನ ಎರಡೂ ಕಡೆ ಅಡಿಯಲ್ಲಿ ಪ್ಲೇಟ್‌ಗಳನ್ನು ಮಲಗಿಸಿ ಎತ್ತರ ಮಾಡಿಕೊಳ್ಳಿ, ಇಲ್ಲವೇ ಬಾರನ್ನು ಎತ್ತರದಲ್ಲಿ ಇಡುವ ರ‍್ಯಾಕ್‌ನಿಂದ ಎಳೆಯಿರಿ. ಟ್ರೈನರ್ ಮುಖ ಸಿಂಡರಿಸಿದರೆ ಸಿಂಡರಿಸಲಿ.

ಬೆಲ್ಟ್ ಬಗ್ಗೆಯೂ ಅಷ್ಟೇ. ಅದು ಸೊಂಟವನ್ನು ತಾನಾಗೇ ಕಾಯಲ್ಲ. ಹೊಟ್ಟೆ ತುಂಬ ಉಸಿರು ಹಿಡಿದು ಅದಕ್ಕೆ ಒತ್ತಿದರೆ ಮಾತ್ರ ಉಪಯೋಗ. ಬಾಗಿದ ಬೆನ್ನಿಗೆ ಬೆಲ್ಟ್ ಕಟ್ಟಿದರೆ ಬಾಗಿದ ಬೆನ್ನೇ ಇರುತ್ತದೆ.

ಫಿಸಿಯೋ ಹತ್ತಿರ ಹೋದಾಗ ಅವರು ಮೊದಲು ಕೈಗೆ ಕೊಟ್ಟಿದ್ದು ಒಂದು ಕೋಲು. ಬರಿಗಾಲಲ್ಲಿ ನಿಲ್ಲಿಸಿ ಶುರು ಮಾಡಿಸಿದರು. ಬಾರ್ ಪಾದದ ನಟ್ಟನಡುವೆ ಬರಬೇಕು, ಅಂದರೆ ಹೆಚ್ಚುಕಡಿಮೆ ಲೇಸ್ ಗಂಟಿನ ಮೇಲೆ. ಬಗ್ಗಿ ಹಿಡಿದ ಮೇಲೆ ಬಾರನ್ನು ಅಲ್ಲಾಡಿಸಬಾರದು, ಮೊಣಕಾಲು ಬಗ್ಗಿಸಿ ಕಾಲಿನ ಮುಂಭಾಗವನ್ನೇ ಅದರ ಹತ್ತಿರ ತರಬೇಕು. ಎದೆ ಎತ್ತಿ, ಕಂಕುಳು ಬಿಗಿ ಮಾಡಿ, ಕುತ್ತಿಗೆ ಬೆನ್ನಿನ ನೇರಕ್ಕೇ ಇರಲಿ. ನಮ್ಮ ಟ್ರೈನರ್ ಹೇಳುತ್ತಿದ್ದ ಹಾಗೆ ಕತ್ತೆತ್ತಿ ಕನ್ನಡಿ ನೋಡುವ ಅಗತ್ಯ ಇಲ್ಲ. ಬಾರನ್ನು ಗಬಕ್ಕನೆ ಕಿತ್ತರೆ ಕೆಟ್ಟಿರಿ. ಮೊದಲು ಮೆಲ್ಲಗೆ ಬಿಗಿ ಮಾಡಿ, ಬಾರ್ ಪ್ಲೇಟ್‌ನ ತೂತಿಗೆ ತಾಗಿ "ಟಿಕ್" ಅನ್ನುತ್ತದೆ. ಆಮೇಲೆ ನೆಲವನ್ನು ಕಾಲಿನಿಂದ ದೂಡಿ. ಬಾರ್ ಉದ್ದಕ್ಕೂ ಕಾಲಿಗೆ ಸವರಿಕೊಂಡೇ ಬರಬೇಕು. ಚರ್ಮ ತರಚುತ್ತದೆ, ಉದ್ದ ಸಾಕ್ಸ್ ಹಾಕಿ. ಪವರ್‌ಲಿಫ್ಟಿಂಗ್ ಸ್ಪರ್ಧೆಗಳಲ್ಲಿ ಡೆಡ್‌ಲಿಫ್ಟ್‌ಗೆ ಉದ್ದ ಸಾಕ್ಸ್ ಕಡ್ಡಾಯ ಮಾಡಿರೋದು ಸುಮ್ನೆ ಅಲ್ಲ. ಮೇಲೆ ಬಂದ ಮೇಲೆ ನೆಟ್ಟಗೆ ನಿಂತರೆ ಸಾಕು, ಹಿಂದಕ್ಕೆ ಬಾಗುವ ಶೋಕಿ ಬೇಡ.

ಶೂ ಯಾವುದು ಅಂತ ಕೇಳಿದರೆ, ತೆಳು, ಗಟ್ಟಿ, ಸಮತಟ್ಟು. ಅಂಗಡಿಯಲ್ಲೇ ಹಿಮ್ಮಡಿಯ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಒಳಗೆ ಹೋದರೆ ಬೇಡ. ಕನ್ವರ್ಸ್ ಥರದ ಕ್ಯಾನ್ವಾಸ್ ಶೂ ಆಗುತ್ತದೆ. ಶಾಲೆ ಮಕ್ಕಳ ಬಿಳಿ ಪಿಟಿ ಶೂ ಕೂಡ ಆಗುತ್ತದೆ, ಒಳಗಿನ ಮೆತ್ತನೆ ಪ್ಯಾಡ್ ಕಿತ್ತು ಹಾಕಿ. ಕುಸ್ತಿ ಶೂ ಸಿಕ್ಕರೆ ಇನ್ನೂ ಚೆಂದ. ವೇಟ್‌ಲಿಫ್ಟಿಂಗ್ ಶೂ ಅಂತ ಹಿಮ್ಮಡಿ ಸುಮಾರು 2 ಸೆಂ.ಮೀ. ಎತ್ತರಿಸಿದ ದುಬಾರಿ ಮಾಲು ಬರುತ್ತದೆ. ಅದು ಭಾರ ಹೊತ್ತು ಕೂತು ಏಳುವ ಸ್ಕ್ವಾಟ್‌ಗೆ, ಒಂದೇ ಏಟಿಗೆ ತಲೆ ಮೇಲೆ ಎತ್ತುವ ಸ್ನ್ಯಾಚ್‌ಗೆ ಒಳ್ಳೆಯದು. ಡೆಡ್‌ಲಿಫ್ಟ್‌ನಲ್ಲಿ ಬಹಳ ಜನರಿಗೆ ಅದು ಮುಂದಕ್ಕೆ ದೂಡುತ್ತದೆ. ಹೆಸರು ನೋಡಿ ಮೋಸ ಹೋಗಬೇಡಿ. ನಮ್ಮೂರ ಗರಡಿಮನೆಗಳಲ್ಲಿ ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗೋದು, ಅಲ್ವಾ? ನಿಮ್ಮ ಜಿಮ್‌ನಲ್ಲಿ ಬರಿಗಾಲಿಗೆ ಒಪ್ಪಿದರೆ ಒಂದು ಪೈಸೆಯೂ ಖರ್ಚಿಲ್ಲ. ಪ್ಲೇಟ್ ಕಾಲ ಮೇಲೆ ಬೀಳದ ಹಾಗೆ ನೋಡಿಕೊಳ್ಳಬೇಕು, ಅಷ್ಟೇ. ಅಂದ ಹಾಗೆ ಅಂಗಡಿಯವರು ನನ್ನ ಶೂ ವಾಪಸ್ ತಗೊಳ್ಳಲಿಲ್ಲ. ಈಗ ವಾಕಿಂಗ್‌ಗೆ ಹಾಕುತ್ತೇನೆ, ಅದಕ್ಕೆ ಭೇಷಾಗಿದೆ.

ಸೊಂಟ ಉಳುಕಿದರೆ ಲಟಕ್ ಅನ್ನಿಸಿ ಸರಿ ಮಾಡುತ್ತೇವೆ ಅನ್ನುವವರ ಹತ್ತಿರ ಓಡಬೇಡಿ. ನನ್ನನ್ನೂ ಕರೆದುಕೊಂಡು ಹೋಗೋಕೆ ನೆಂಟರು ತಯಾರಾಗಿದ್ದರು. ಮೂಳೆ ಡಾಕ್ಟರ್ ಪರೀಕ್ಷೆ ಮಾಡಿ, ಸ್ನಾಯು ಎಳೆದಿದೆ, ಪೂರ್ತಿ ಮಲಗಬೇಡಿ, ಆದಷ್ಟು ಓಡಾಡಿ ಅಂದರು. ಇಂಥದ್ದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ವಾಸಿಯಾಗುತ್ತದೆ. ಆದರೆ ನೋವಿನ ಜೊತೆ ಕಾಲಿನ ಬಲ ಕಮ್ಮಿಯಾದರೆ, ತೊಡೆಸಂದಿಯ ಸುತ್ತ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಬೆಳಗಾಗಲಿ ಅಂತ ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ.