ಮೂರು ಪಾಲಿಸಿ ಇದ್ದವು, ಆಸ್ಪತ್ರೆ ಬಿಲ್ಲಿಗೆ ಒಂದೂ ಆಗಲಿಲ್ಲ

ಅಪ್ಪನಿಗೆ ರಾತ್ರಿ 11 ಗಂಟೆ ಹೊತ್ತಿಗೆ ಎದೆನೋವು ಶುರುವಾಯಿತು. ಕೂಡಲೇ ಆಸ್ಪತ್ರೆಗೆ ಸೇರಿಸಿದೆವು. ಮಾರನೇ ದಿನ ಆಂಜಿಯೋಗ್ರಾಂ ಮಾಡಿ ಸ್ಟೆಂಟ್ ಹಾಕಿದರು. ಈಗ ಅಪ್ಪ ಆರಾಮಾಗಿದ್ದಾರೆ. ನಾನು ಬರೆಯುತ್ತಿರುವುದು ಆಮೇಲೆ ನಡೆದದ್ದನ್ನು.

ದುಡ್ಡಿನ ಬಗ್ಗೆ ನಮಗೆ ಭಯ ಇರಲಿಲ್ಲ. ಅಪ್ಪನ ಹೆಸರಲ್ಲಿ ಮೂರು ಪಾಲಿಸಿ ಇದ್ದವು: ಜೀವ ವಿಮೆ, ಅಪಘಾತ ವಿಮೆ, ಗಂಭೀರ ಕಾಯಿಲೆಗಳ ಪಾಲಿಸಿ. ಒಂದು ಕಂತನ್ನೂ ತಪ್ಪಿಸಿದವರಲ್ಲ ಅವರು. ಅಮ್ಮ ಫೈಲ್ ಹಿಡಿದುಕೊಂಡೇ ಬಂದಿದ್ದರು. ಬಿಲ್ಲಿಂಗ್ ಕೌಂಟರಿನಲ್ಲಿದ್ದವರು ಒಂದೊಂದೇ ಹಾಳೆ ತಿರುವಿ ನೋಡಿ, "ಇದರಲ್ಲಿ ಹೆಲ್ತ್ ಪಾಲಿಸಿ ಯಾವುದು ಮೇಡಂ?" ಅಂತ ಕೇಳಿದರು. ಅಮ್ಮ ನನ್ನ ಮುಖ ನೋಡಿದರು. ನಾನು ಫೈಲ್ ನೋಡಿದೆ.

ಜೀವ ವಿಮೆ ದುಡ್ಡು ಕೊಡುವುದು ಆ ವ್ಯಕ್ತಿ ತೀರಿಕೊಂಡರೆ, ಅವರ ಮನೆಯವರಿಗೆ. ಕೆಲವದರಲ್ಲಿ ಅವಧಿ ಮುಗಿದಾಗಲೂ ಬರುತ್ತದೆ. ಅಪಘಾತ ವಿಮೆ ಬಿದ್ದೋ ಗುದ್ದಿಸಿಕೊಂಡೋ ಪೆಟ್ಟಾಗಿ ಸಾವು ಅಥವಾ ಅಂಗವೈಕಲ್ಯ ಆದರೆ ಮಾತ್ರ. ಎದೆನೋವು ಕಾಯಿಲೆ, ಅಪಘಾತ ಅಲ್ಲ. ಅಲ್ಲಿಗೆ ಎರಡು ಪಾಲಿಸಿ ಪಕ್ಕಕ್ಕೆ ಹೋದವು.

ಉಳಿದದ್ದು ಮೂರನೆಯದು. "ಹಾರ್ಟ್ ಪ್ರಾಬ್ಲಂಗೆ ಕವರ್ ಇದೆ ಸರ್" ಅಂತ ಏಜೆಂಟ್ ಹೇಳಿದ್ದು ಅಪ್ಪನಿಗೆ ಚೆನ್ನಾಗಿ ನೆನಪಿತ್ತು. ಕೈಯಿಂದ ಬಿಲ್ ಕಟ್ಟಿ ಕ್ಲೇಮ್ ಹಾಕಿದೆವು. ಕೆಲವು ವಾರಗಳ ಮೇಲೆ ಆಗುವುದಿಲ್ಲ ಅಂತ ಪತ್ರ ಬಂತು.

ಅವತ್ತು ಮೊದಲ ಸಲ ಆ ಪಾಲಿಸಿಯನ್ನು ಪೂರ್ತಿ ಓದಿದೆ. ಈ ಥರದ ಪಾಲಿಸಿ ಆಸ್ಪತ್ರೆ ಬಿಲ್ ನೋಡುವುದೇ ಇಲ್ಲ. ಪಟ್ಟಿಯಲ್ಲಿರುವ ಕಾಯಿಲೆ ಬಂದರೆ ಒಂದೇ ಸಲಕ್ಕೆ ಇಷ್ಟು ಮೊತ್ತ ಅಂತ ಕೊಡುತ್ತದೆ. ಆದರೆ ಪ್ರತಿ ಕಾಯಿಲೆಗೂ ಒಂದು ವ್ಯಾಖ್ಯೆ ಇರುತ್ತದೆ. ನಮ್ಮದರಲ್ಲಿ ಹೃದಯಾಘಾತ ಅನ್ನಬೇಕಾದರೆ ಹೃದಯದ ಸ್ನಾಯು ಸತ್ತಿರಬೇಕು, ಇಸಿಜಿಯಲ್ಲಿ ಹೊಸ ಬದಲಾವಣೆ ಕಾಣಬೇಕು, ರಕ್ತದಲ್ಲಿ ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಹಾನಿಯಾದಾಗ ರಕ್ತಕ್ಕೆ ಸೇರುವ ಪ್ರೋಟೀನ್) ಏರಿರಬೇಕು. ಅಪ್ಪನ ಟ್ರೋಪೋನಿನ್ ನಾರ್ಮಲ್ ಇತ್ತು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಇದ್ದದ್ದು 'ಅನ್‌ಸ್ಟೇಬಲ್ ಆಂಜೈನಾ', ಅಂದರೆ ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವು, ಸ್ನಾಯು ಸತ್ತಿರುವುದಿಲ್ಲ. ಎದೆ ತೆರೆದು ಮಾಡುವ ಬೈಪಾಸ್‌ಗೆ ಕವರ್ ಇತ್ತು. ಅದರ ಕೆಳಗಿನ ಸಾಲಿನಲ್ಲೇ, ಸಣ್ಣ ಅಕ್ಷರದಲ್ಲಿ, ಆಂಜಿಯೋಪ್ಲಾಸ್ಟಿ ಇದರಲ್ಲಿ ಸೇರಿಲ್ಲ ಅಂತಿತ್ತು. ಸ್ಟೆಂಟ್ ಹಾಕುವುದು ಅಂದರೆ ಅದೇ. ಇನ್ನೂ ಒಂದು ಷರತ್ತಿತ್ತು. ಕಾಯಿಲೆ ಪತ್ತೆಯಾದ ಮೇಲೆ ರೋಗಿ 30 ದಿನ ಬದುಕಿರಬೇಕು! ಇಂಥ ಷರತ್ತು ಎಷ್ಟೋ ಪಾಲಿಸಿಗಳಲ್ಲಿ ಇರುತ್ತದಂತೆ.

ತುಂಬಾ ಸಿಟ್ಟು ಬಂತು. ಪಾಲಿಸಿ ಹಾಳೆಯಲ್ಲಿ ಸುಳ್ಳೇನೂ ಇರಲಿಲ್ಲ ನಿಜ. ಆದರೆ ಮಾರಿದವರು ಅರ್ಧ ಹೇಳಿ ಅರ್ಧ ಬಿಟ್ಟರು. ಅದು ಮೋಸವೇ ಅಂತ ನನಗೆ ಈಗಲೂ ಅನ್ನಿಸುತ್ತದೆ. ಬಾಯಲ್ಲಿ ಹೇಳಿದ ಮಾತು ಕ್ಲೇಮ್ ಹೊತ್ತಿಗೆ ನಿಲ್ಲುವುದಿಲ್ಲ. ಅದಕ್ಕೇ, ಏಜೆಂಟ್ ಹೇಳಿದ್ದನ್ನು ಇಮೇಲ್‌ನಲ್ಲಿ ಬರೆದು ಕೊಡಿ ಅಂತ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲೇ ಗೊತ್ತಾಗುತ್ತದೆ, ಅಲ್ವಾ?

ಇವತ್ತೇ ನಿಮ್ಮ ಮನೆಯ ಫೈಲ್ ತೆಗೆಯಿರಿ. ಆಸ್ಪತ್ರೆ ಖರ್ಚಿಗೆ ಬೇಕಾದ್ದು ಆರೋಗ್ಯ ವಿಮೆ. ಅದು ಇದ್ದರೂ ಸುಮ್ನೆ ಕೂರಬೇಡಿ. ಏನೇನು ಸೇರಿಲ್ಲ ಅನ್ನುವ ಪುಟ ಮೊದಲು ಓದಿ. ರೂಮ್ ಬಾಡಿಗೆಗೆ ಮಿತಿ ಇದೆಯಾ ನೋಡಿ. ಮಿತಿ ಮೀರಿದ ರೂಮ್ ತೆಗೆದುಕೊಂಡರೆ ಬೇರೆ ಖರ್ಚುಗಳಲ್ಲೂ ಕಡಿತ ಮಾಡುವ ಪಾಲಿಸಿಗಳಿವೆ. ಕೋ-ಪೇ 20% ಅಂತಿದ್ದರೆ ಕಂಪನಿ ಒಪ್ಪಿದ ಬಿಲ್ಲಿನ ಪ್ರತಿ 100 ರೂಪಾಯಿಯಲ್ಲಿ 20 ನಿಮ್ಮ ಜೇಬಿನದು. ಬಿಪಿ, ಶುಗರ್ ಇದ್ದರೆ ಅರ್ಜಿಯಲ್ಲಿ ಮುಚ್ಚಿಡಲೇಬೇಡಿ, ಏಜೆಂಟ್ "ಬರೆಯೋದು ಬೇಡ ಬಿಡಿ" ಅಂದರೂ. ಆಮೇಲೆ ಗೊತ್ತಾದರೆ ಕ್ಲೇಮ್ ಪೂರ್ತಿ ತಳ್ಳಿಹಾಕಬಹುದು.

ಗಾಡಿಯದ್ದೂ ನೋಡಿಬಿಡಿ. ಬರೀ ಥರ್ಡ್ ಪಾರ್ಟಿ ಇದ್ದರೆ ಎದುರಿನವರ ನಷ್ಟಕ್ಕೆ ಮಾತ್ರ, ನಿಮ್ಮ ಗಾಡಿಗೆ ಏನೂ ಬರುವುದಿಲ್ಲ.

ಅಪ್ಪನಿಗೆ ಈಗ ಆರೋಗ್ಯ ವಿಮೆ ಮಾಡಿಸಿದ್ದೇವೆ. ಸ್ಟೆಂಟ್ ಈಗಾಗಲೇ ಇರುವುದರಿಂದ ಹೃದಯದ ಯಾವ ತೊಂದರೆಗೂ 3 ವರ್ಷ ಕವರ್ ಇಲ್ಲ. ಹೋದ ವರ್ಷವೇ ಆ ಫೈಲ್ ಓದಿದ್ದರೆ ಈ ಕಾಯುವಿಕೆ ಇರುತ್ತಿರಲಿಲ್ಲ.