64 ಲೀಟರ್ ಗಾಜಿನ ತೊಟ್ಟಿ: ಮೂರು ವರ್ಷ ಬಳಸಿದ ಮೇಲೆ

ಈ ಅಕ್ವೇರಿಯಂ ಸೆಟ್ ಮನೆಗೆ ಬಂದು ಮೂರು ವರ್ಷ ದಾಟಿತು. 60 ಸೆಂ.ಮೀ. ಉದ್ದ, 30 ಅಗಲ, 36 ಎತ್ತರ. ಜೊತೆಗೆ ಮುಚ್ಚಳ, ಎಲ್‌ಇಡಿ ದೀಪ, ಚಿಕ್ಕ ಫಿಲ್ಟರ್, 50 ವ್ಯಾಟ್ ಹೀಟರ್ ಬಂದಿದ್ದವು. ಗಾಜು, ಮುಚ್ಚಳ, ದೀಪ ಇವತ್ತಿಗೂ ಚೆನ್ನಾಗಿವೆ. ಮೂಲೆಗಳ ಸಿಲಿಕೋನ್ ಎಲ್ಲೂ ಬಿಟ್ಟಿಲ್ಲ. ಫಿಲ್ಟರ್ ಮತ್ತು ಹೀಟರ್ ಮಾತ್ರ ಬದಲಾಯಿಸಬೇಕಾಯಿತು.

ಇದಕ್ಕೂ ಮುಂಚೆ ನನ್ನ ಹತ್ತಿರ ಇದ್ದದ್ದು ಹತ್ತು ಲೀಟರಿನ ದುಂಡು ಬೋಗುಣಿ. ಮಾರಿದವರು "ನಾಳೆಯೇ ಮೀನು ಬಿಡಬಹುದು" ಅಂದಿದ್ದರು. ಎರಡು ಗೋಲ್ಡ್‌ಫಿಶ್ ಬಿಟ್ಟೆ. ಎರಡು ವಾರದೊಳಗೆ ಎರಡೂ ಸತ್ತವು. ಆ ಬೇಸರ ಇನ್ನೂ ಹೋಗಿಲ್ಲ. ಮೀನಿನ ಉಸಿರಾಟ, ಹೊಲಸು, ಉಳಿದ ಆಹಾರ ಎಲ್ಲದರಿಂದಲೂ ಅಮೋನಿಯಾ ಹುಟ್ಟುತ್ತದೆ. ಅಷ್ಟು ಕಡಿಮೆ ನೀರಿನಲ್ಲಿ ಅದು ಬೇಗ ವಿಷದ ಮಟ್ಟಕ್ಕೆ ಏರುತ್ತದೆ. ಸಣ್ಣ ತೊಟ್ಟಿ ನೋಡಿಕೊಳ್ಳುವುದು ಸುಲಭ ಅಂತ ಅನ್ನಿಸುತ್ತದೆ ಅಲ್ವಾ? ನಿಜ ಅದರ ಉಲ್ಟಾ. ನೀರು ಜಾಸ್ತಿ ಇದ್ದಷ್ಟೂ ನಮ್ಮ ತಪ್ಪನ್ನು ಅದು ತಡೆದುಕೊಳ್ಳುತ್ತದೆ. ಮೊದಲ ಸಲ ಕೊಳ್ಳುವವರಿಗೆ 50 ಲೀಟರಿಗಿಂತ ಚಿಕ್ಕದನ್ನು ನಾನು ಹೇಳುವುದಿಲ್ಲ.

ಈ ಸಲ ತೊಟ್ಟಿಯನ್ನು ಮೀನಿಲ್ಲದೆ 38 ದಿನ ಓಡಿಸಿದೆ. ಮರಳು, ಗಿಡ, ಫಿಲ್ಟರ್, ಹೀಟರ್ ಎಲ್ಲಾ ಹಾಕಿ, ಅಮೋನಿಯಾ ಕರಗಿಸುವ ಬ್ಯಾಕ್ಟೀರಿಯಾ ಮೊದಲೇ ಬೆಳೆಯಲಿ ಅಂತ ಲೀಟರಿಗೆ 2 ಮಿಲಿಗ್ರಾಂ ಬರುವಂತೆ ಅಮೋನಿಯಾ ಬೆರೆಸಿದೆ. ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್‌ನಲ್ಲಿ ಎರಡು ದಿನಕ್ಕೊಮ್ಮೆ ಪರೀಕ್ಷೆ. ಮೊದಲ ವಾರ ಏನೂ ಅಲ್ಲಾಡಲಿಲ್ಲ. ಆಮೇಲೆ ಅಮೋನಿಯಾ ಇಳಿದು ನೈಟ್ರೈಟ್ ಏರಿತು. ಅದೂ ಮೀನಿಗೆ ವಿಷವೇ. ಕೊನೆಗೆ ನೈಟ್ರೈಟ್ ಇಳಿದು, ಅಷ್ಟು ವಿಷವಲ್ಲದ ನೈಟ್ರೇಟ್ ಕಾಣಿಸಿತು. ಈ ಎರಡೂ ಕೆಲಸ ಮಾಡುವುದು ಬ್ಯಾಕ್ಟೀರಿಯಾಗಳು. ಅವು ಮುಖ್ಯವಾಗಿ ಫಿಲ್ಟರ್‌ನ ಸ್ಪಂಜಿನಲ್ಲಿ ನೆಲೆಸುತ್ತವೆ. ಹಾಕಿದ ಅಮೋನಿಯಾ ಒಂದೇ ದಿನದಲ್ಲಿ ಪೂರ್ತಿ ಹೋಗಿ, ನೈಟ್ರೈಟ್ ಕೂಡ ಸೊನ್ನೆ ಬಂದ ಮೇಲೆ ಆರು ಜೀಬ್ರಾ ಡ್ಯಾನಿಯೊ ಮೀನು ಬಿಟ್ಟೆ. ಒಂದೂ ಸಾಯಲಿಲ್ಲ. ಎರಡು ತಿಂಗಳ ನಂತರ ಆರು ಪಾಂಡಾ ಕೋರಿಡೋರಸ್ ಬಂದವು. ಅವು ಗುಂಪಿನಲ್ಲಿದ್ದರಷ್ಟೇ ಧೈರ್ಯವಾಗಿ ಓಡಾಡುವ ಮೀನು. ಮೀಸೆ ಉಜ್ಜಿಕೊಂಡು ತಳದಲ್ಲೇ ತಿನ್ನುವುದರಿಂದ ಚೂಪು ಕಲ್ಲಿಗಿಂತ ನುಣುಪು ಮರಳು ಒಳ್ಳೆಯದು.

ಸೆಟ್ಟಿನ ಫಿಲ್ಟರ್ ಬಗ್ಗೆ ನನಗೆ ನಿಜವಾದ ತಕರಾರಿದೆ. ತಿಂಗಳಿಗೊಮ್ಮೆ ಕಾರ್ಟ್ರಿಡ್ಜ್ (ಒಳಗಿನ ಸೋಸುವ ಭಾಗ) ಎಸೆದು ಹೊಸದು ಹಾಕಿ ಅಂತ ಅದರ ಕೈಪಿಡಿ ಹೇಳುತ್ತದೆ. ಹಾಗೇ ಮಾಡಿದೆ. ಮೂರನೇ ದಿನ ಅಮೋನಿಯಾ ಮತ್ತೆ ಕಾಣಿಸಿತು. ಬ್ಯಾಕ್ಟೀರಿಯಾ ಇದ್ದದ್ದೇ ಅದರಲ್ಲಿ, ಅದನ್ನೇ ಎಸೆದಿದ್ದೆ! ಆಮೇಲೆ ಏರ್ ಪಂಪ್‌ನಿಂದ ನಡೆಯುವ ಸ್ಪಂಜು ಫಿಲ್ಟರ್ ಹಾಕಿದೆ, ಬ್ಯಾಕ್ಟೀರಿಯಾ ಹೊಸದರಲ್ಲೂ ನೆಲೆಸಲಿ ಅಂತ ಹಳೆಯದನ್ನೂ ಒಂದು ತಿಂಗಳು ಜೊತೆಗೇ ಓಡಿಸಿದೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡುತ್ತೇನೆ. ನಲ್ಲಿ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಪಂಪಿನ ಕೊಳವೆಗೆ ಒಂದು ಚೆಕ್ ವಾಲ್ವ್ ಹಾಕಿ. ಕರೆಂಟ್ ಹೋದಾಗ ನೀರು ಹಿಂದಕ್ಕೆ ಹರಿದು ಪಂಪಿಗೆ ಇಳಿಯಬಹುದು.

ಹೀಟರ್ ಎರಡನೇ ವರ್ಷ ಕೈಕೊಟ್ಟಿತು. 24 ಡಿಗ್ರಿಗೆ ಇಟ್ಟಿದ್ದೆ, ಅದು ಆಫ್ ಆಗದೆ ನೀರು 31ಕ್ಕೆ ಹೋಗಿತ್ತು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಆಡಿಸುತ್ತಿದ್ದವು. ಬೇರೆ ಥರ್ಮಾಮೀಟರ್ ಇದ್ದದ್ದಕ್ಕೆ ಕಾರಣ ತಕ್ಷಣ ಗೊತ್ತಾಯಿತು. ಹೀಟರಿನ ಗುಂಡಿಯನ್ನಷ್ಟೇ ನಂಬಬೇಡಿ.

ಇಡುವ ಜಾಗ ಗಟ್ಟಿಯಾಗಿ, ಸಮತಟ್ಟಾಗಿ ಇರಲಿ. ನೀರೊಂದೇ 60 ಕಿಲೋ ಹತ್ತಿರ, ಗಾಜು ಮರಳು ಬೇರೆ. ಗಿಡಕ್ಕೆ ಅನುಬಿಯಾಸ್, ಜಾವಾ ಫರ್ನ್ ಸಾಕು. ಅವುಗಳ ಗೆಡ್ಡೆಯನ್ನು ಮರಳಲ್ಲಿ ಹೂಳಬೇಡಿ, ಕೊಳೆಯುತ್ತದೆ. ಕಟ್ಟಿಗೆಗೆ ದಾರದಿಂದ ಕಟ್ಟಿ. ದೀಪವನ್ನು ಹತ್ತು ತಾಸು ಉರಿಸಿದಾಗ ಗಾಜೆಲ್ಲ ಪಾಚಿ ಹಿಡಿದಿತ್ತು, ಟೈಮರ್ ಹಾಕಿ ಆರು ತಾಸಿಗೆ ಇಳಿಸಿದೆ.

ವಾರಕ್ಕೊಮ್ಮೆ 15 ಲೀಟರ್ ನೀರು ತೆಗೆದು, ಕ್ಲೋರಿನ್ ಕಳೆಯುವ ಹನಿ ಬೆರೆಸಿದ ಹೊಸ ನೀರು ಹಾಕುತ್ತೇನೆ. ಅರ್ಧ ತಾಸಿನ ಕೆಲಸ. ಆರಿಹೋದಷ್ಟು ನೀರನ್ನು ಸುಮ್ನೆ ತುಂಬಿಸಿದರೆ ಅದು ನೀರು ಬದಲಾಯಿಸಿದಂತಲ್ಲ. ಆರುವಾಗ ನೀರಷ್ಟೇ ಹೋಗುತ್ತದೆ, ಲವಣ ಮತ್ತು ನೈಟ್ರೇಟ್ ಒಳಗೇ ಉಳಿಯುತ್ತವೆ.

ಕಳೆದ ತಿಂಗಳು ಹೊಸ ನೀರು ಎಂದಿಗಿಂತ ಸ್ವಲ್ಪ ತಣ್ಣಗಿತ್ತು. ಮಾರನೇ ದಿನ ಕೋರಿಡೋರಸ್ ಗಾಜಿನ ಮೇಲೆ ಮೊಟ್ಟೆ ಇಟ್ಟಿದ್ದವು. ಡ್ಯಾನಿಯೊಗಳು ಬಹುಪಾಲು ತಿಂದವು. ಉಳಿದ ಏಳನ್ನು ಬೇರೆ ಡಬ್ಬಿಗೆ ಹಾಕಿದೆ, ನಾಲ್ಕು ಮರಿಯಾಗಿವೆ.