ಕ್ಲಸ್ಟರ್ ಸ್ಟೋರೇಜ್ ಅಳೆಯಲು ಡಿಡಿ, ಎಫ್‌ಐಒ, ಐಒಆರ್

ನಮ್ಮ ಪ್ರಯೋಗಾಲಯದ ನಾಲ್ಕು ನೋಡ್‌ಗಳ (ಒಟ್ಟಿಗೆ ಕೆಲಸ ಮಾಡುವ ನಾಲ್ಕು ಕಂಪ್ಯೂಟರ್‌ಗಳ) ಕ್ಲಸ್ಟರ್‌ಗೆ ಕಳೆದ ವರ್ಷ ಎನ್‌ಎಫ್‌ಎಸ್ ಸ್ಟೋರೇಜ್, ಅಂದರೆ ಎಲ್ಲ ನೋಡ್‌ಗಳೂ ನೆಟ್‌ವರ್ಕ್ ಮೂಲಕ ಹಂಚಿಕೊಳ್ಳುವ ಸ್ಟೋರೇಜ್ ಸರ್ವರ್, ಕೊಂಡಾಗ, ಮಾರಾಟಗಾರರು ದತ್ತಾಂಶ ನಕಲಿಸುವ ಸರಳ ಕಮಾಂಡ್ ಆದ ಡಿಡಿ ಓಡಿಸಿ ತೋರಿಸಿದ ವೇಗವನ್ನೇ ನಂಬಿ ಒಪ್ಪಿಗೆಯ ಸಹಿ ಹಾಕಿದ್ದೆ. ಅವರು ಒಂದೇ ನೋಡ್‌ನಿಂದ ಒಂದೇ ಫೈಲಿಗೆ ಬರೀ ಸೊನ್ನೆಗಳನ್ನು ಬರೆಸಿದ್ದರು. ಕಂಪ್ರೆಷನ್ ಇರುವ ಫೈಲ್ ಸಿಸ್ಟಂನಲ್ಲಿ ಅಂಥ ಸೊನ್ನೆಗಳು ಡಿಸ್ಕ್ ಮುಟ್ಟುವುದೇ ಅಪರೂಪ. ಮೊದಲ ವಾರದಲ್ಲೇ, ಸಾವಿರಾರು ಸಣ್ಣ ಫೈಲುಗಳನ್ನು ಸೃಷ್ಟಿಸುವ ಜಾಬ್‌ಗಳು ತೆವಳತೊಡಗಿದವು. ಈಗಂತೂ ಹಲವು ನೋಡ್‌ಗಳಿಂದ ಒಟ್ಟಿಗೇ ಓದಿ ಬರೆದು ವೇಗ ಅಳೆಯುವ ಐಒಆರ್ ಮತ್ತು ಅದರ ಜೊತೆಗೇ ಬರುವ, ಫೈಲು ಸೃಷ್ಟಿಸುವ ವೇಗ ಅಳೆಯುವ ಎಂಡಿಟೆಸ್ಟ್ ಓಡಿಸದೆ ಯಾವ ಸ್ಟೋರೇಜನ್ನೂ ನಾನು ಒಪ್ಪಿಕೊಳ್ಳುವುದಿಲ್ಲ.

ಆದರೆ ಐಒಆರ್‌ನಲ್ಲೂ ಓದುವ ವೇಗದ ಅಂಕಿ ನನ್ನನ್ನು ಎರಡು ದಿನ ಕಾಡಿತು. ಸರ್ವರ್‌ಗೆ ಇರುವುದು ಒಂದೇ 10 ಗಿಗಾಬಿಟ್ ಲಿಂಕ್. ಅದರಲ್ಲಿ ಸೆಕೆಂಡಿಗೆ 1.25 ಗಿಗಾಬೈಟ್‌ಗಿಂತ ಹೆಚ್ಚು ಹಾಯಲು ಸಾಧ್ಯವೇ ಇಲ್ಲ. ಪರದೆಯ ಮೇಲೆ ಬರುತ್ತಿದ್ದದ್ದು ಅದರ ಹಲವು ಪಟ್ಟು. ಎನ್‌ಎಫ್‌ಎಸ್‌ನಲ್ಲಿ ಫೈಲು ಮುಚ್ಚಿದಾಗ ದತ್ತಾಂಶ ಸರ್ವರ್ ಸೇರುತ್ತದೆಯಾದರೂ, ಅದರ ಪ್ರತಿ ಬರೆದ ನೋಡ್‌ನ ಮೆಮೊರಿಯಲ್ಲಿ ಉಳಿದಿರುತ್ತದೆ. ಅದೇ ನೋಡ್ ಮತ್ತೆ ತೆರೆದಾಗ, ಫೈಲು ಬದಲಾಗಿಲ್ಲವೆಂದು ಸರ್ವರ್‌ನಿಂದ ಖಚಿತಪಡಿಸಿಕೊಂಡು, ಆ ಪ್ರತಿಯಿಂದಲೇ ಓದಿಬಿಡುತ್ತದೆ. ಇದನ್ನು ತಪ್ಪಿಸಲು ಮೆಮೊರಿಯ ಎರಡು ಪಟ್ಟು ಬರೆಯುವುದು ಹಳೆಯ ಉಪಾಯ. ನಮ್ಮ ನೋಡ್‌ಗಳಲ್ಲಿ ತಲಾ 64 ಗಿಗಾಬೈಟ್ ಇರುವುದರಿಂದ ಒಟ್ಟು 512 ಗಿಗಾಬೈಟ್ ಬರೆಯಬೇಕು, ಅಂದರೆ ಲಿಂಕ್ ತುಂಬಿ ಹರಿದರೂ ಪ್ರತಿ ಸಲ ಸುಮಾರು ಏಳು ನಿಮಿಷ. ಐಒಆರ್‌ಗೆ ದೊಡ್ಡಕ್ಷರದ ಸಿ ಆಯ್ಕೆ ಕೊಟ್ಟರೆ ಒಂದು ನೋಡ್ ಬರೆದದ್ದನ್ನು ಇನ್ನೊಂದು ಓದುತ್ತದೆ. ಅದನ್ನು ಕೊಟ್ಟ ಕೂಡಲೇ ಅಂಕಿ ಲಿಂಕ್‌ನ ಮಿತಿಯೊಳಗೆ ಇಳಿಯಿತು. ಸರ್ವರ್‌ನ ಸ್ವಂತ ಮೆಮೊರಿಯನ್ನು ಮಾತ್ರ ಈ ಆಯ್ಕೆ ತಪ್ಪಿಸುವುದಿಲ್ಲ. ಡಿಸ್ಕ್‌ನ ವೇಗವೇ ಬೇಕಾದರೆ ದತ್ತಾಂಶ ಆ ಮೆಮೊರಿಗಿಂತ ದೊಡ್ಡದಿರಬೇಕು.

ಒಂದೇ ನೋಡ್‌ನ ಮಟ್ಟಿಗೆ ಎಫ್‌ಐಒ ಎಂಬ ಇನ್ನೊಂದು ಅಳೆಯುವ ಸಾಧನ ಅತ್ಯುತ್ತಮ: ಅತಿ ನಿಧಾನವಾದ ಶೇಕಡಾ 1ರಷ್ಟು ಕೋರಿಕೆಗಳಿಗೆ ಹಿಡಿದ ಸಮಯವನ್ನೂ ಅದು ಬಿಡಿಸಿ ತೋರಿಸುತ್ತದೆ. ನಾಲ್ಕು ನೋಡ್‌ಗಳಿಗೆ ಬಂದಾಗ ಪ್ರತಿಯೊಂದರಲ್ಲೂ ಎಫ್‌ಐಒ ಸರ್ವರ್ ಪ್ರೋಗ್ರಾಂ ಮೊದಲೇ ಓಡುತ್ತಿರಬೇಕು. ಐಒಆರ್ ಎಂಪಿಐ (ಹಲವು ನೋಡ್‌ಗಳ ಪ್ರಕ್ರಿಯೆಗಳು ಪರಸ್ಪರ ಮಾತಾಡುವ ವ್ಯವಸ್ಥೆ) ಮೇಲೆ ನಡೆಯುವುದರಿಂದ, ನಾನು ದಿನವೂ ಮಾಡುವಂತೆ, ಜಾಬ್‌ಗಳನ್ನು ನೋಡ್‌ಗಳಿಗೆ ಹಂಚುವ ಸ್ಲರ್ಮ್‌ಗೆ ಒಂದು ಜಾಬ್ ಕೊಟ್ಟರೆ ಸಾಕು, ಎಲ್ಲ ಪ್ರಕ್ರಿಯೆಗಳೂ ಒಟ್ಟಿಗೇ ಹೊರಡುತ್ತವೆ.

ನಮ್ಮ ಮೂಲ ತೊಂದರೆ ಬಯಲಾದದ್ದು ಎಂಡಿಟೆಸ್ಟ್‌ನಲ್ಲಿ. ನಾಲ್ಕೂ ನೋಡ್‌ಗಳು ಒಂದೇ ಡೈರೆಕ್ಟರಿಯಲ್ಲಿ ಫೈಲು ಸೃಷ್ಟಿಸಿದಾಗ ಅಂಕಿ ಕುಸಿಯುತ್ತಿತ್ತು. ಯು ಆಯ್ಕೆಯಿಂದ ಪ್ರತಿ ಪ್ರಕ್ರಿಯೆಗೂ ಪ್ರತ್ಯೇಕ ಡೈರೆಕ್ಟರಿ ಕೊಟ್ಟಾಗ ಚೇತರಿಸಿಕೊಂಡಿತು. ಹೊಸ ಸ್ಟೋರೇಜ್‌ಗೆ ಹಣವಿಲ್ಲದ ಕಾರಣ ಜಾಬ್ ಸ್ಕ್ರಿಪ್ಟ್‌ಗಳನ್ನೇ ಹಾಗೆ ತಿದ್ದಿದ್ದೇವೆ. ದೊಡ್ಡ ಕಂಪ್ಯೂಟರ್‌ಗಳ ಸ್ಟೋರೇಜ್‌ಗೆ ಶ್ರೇಯಾಂಕ ಕೊಡುವ, 2017ರಲ್ಲಿ ಶುರುವಾದ ಐಒ500 ಪಟ್ಟಿಯೂ ಮುಖ್ಯವಾಗಿ ಐಒಆರ್ ಮತ್ತು ಎಂಡಿಟೆಸ್ಟನ್ನೇ ನೆಚ್ಚಿಕೊಂಡಿದೆ. ಮುಂದಿನ ಟೆಂಡರ್‌ನಲ್ಲಿ ಇವುಗಳ ಫಲಿತಾಂಶವನ್ನು ನಮ್ಮ ನೋಡ್‌ಗಳ ಮೇಲೆಯೇ ತೋರಿಸಬೇಕೆಂಬ ಷರತ್ತನ್ನು ಬರೆದಿಟ್ಟಿದ್ದೇನೆ.